ಬಾವಿಗೋಡೆಯ ಜರೀಗಿಡ

ಮಲೆನಾಡಿನ ಹಳೆಯ ಮನೆಯ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿದವರಿಗೆ ಜರೀಗಿಡವನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ. ಕಲ್ಲಿನ ಸಂದಿಯಿಂದ ಹಸಿರು ಗರಿಗಳು ಜೋತುಬಿದ್ದಿರುತ್ತವೆ. ಆದರೂ ಮನೆಯ ಹಿಂದಿನ ನೆರಳು ಜಾಗಕ್ಕೆ ಗಿಡ ಬೇಕೆಂದಾಗ ನಮಗೆ ಇದರ ನೆನಪಾಗುವುದಿಲ್ಲ. ಅಲ್ಲಿ ಗುಲಾಬಿ ನೆಟ್ಟು, ಮೊಗ್ಗು ಬರಲಿಲ್ಲವೆಂದು ಬೇಸರಪಡುತ್ತೇವೆ.

ನೆರಳೆಂದರೆ ಕತ್ತಲೆಯಲ್ಲ. ಹಲಸಿನ ಮರದ ಎಲೆಗಳ ನಡುವೆ ಸೋಸಿಬರುವ ಬೆಳಕು, ಇಲ್ಲವೇ ಬೆಳಗಿನ ಒಂದಿಷ್ಟು ಎಳೆಬಿಸಿಲು ಜರೀಗಿಡಕ್ಕೆ ಬೇಕೇ ಬೇಕು. ಮಣ್ಣು ಹಗುರಾಗಿರಬೇಕು: ಚೆನ್ನಾಗಿ ಕೊಳೆತ ತರಗೆಲೆ ಹೆಚ್ಚು, ಅದರೊಂದಿಗೆ ಇಟ್ಟಿಗೆ ಚೂರು, ಸ್ವಲ್ಪ ಇದ್ದಿಲು. ತೇವ ಆರಬಾರದು, ನೀರು ನಿಲ್ಲಲೂಬಾರದು. ನೆಡುವಾಗ ಬಹಳ ಜನ ತಪ್ಪುವುದು ಒಂದೇ ಕಡೆ. ಗರಿಗಳು ಹೊರಡುವ ಕಾಂಡವನ್ನು ಮಣ್ಣಿನಲ್ಲಿ ಆಳವಾಗಿ ಹುಗಿದುಬಿಡುತ್ತಾರೆ, ಅದು ಕೊಳೆಯುತ್ತದೆ. ಬೇರು ಒಳಗೆ, ಕಾಂಡದ ಬೆನ್ನು ಹೊರಗೆ ಇರಲಿ.

ಇಂಗ್ಲೆಂಡಿನ ತೋಟಗಾರರು ಗಟ್ಟಿ ಜಾತಿ ಎನ್ನುವುದು ಹಿಮ ತಡೆಯುವ ಗಿಡಕ್ಕೆ. ನಮ್ಮಲ್ಲಿ ಗಟ್ಟಿತನದ ಪರೀಕ್ಷೆ ನಡೆಯುವುದು ಮಾರ್ಚಿನಿಂದ ಮೇವರೆಗೆ. ನೆಫ್ರೊಲೆಪಿಸ್ ಕಾರ್ಡಿಫೋಲಿಯ ಎಂಬ ಜರಿ ಬೇರುಗಳಲ್ಲಿ ಗೋಲಿಯಂಥ ಗಡ್ಡೆ ಕಟ್ಟಿ ನೀರು ಕೂಡಿಟ್ಟುಕೊಳ್ಳುತ್ತದೆ. ಹೊಸದಾಗಿ ಬೆಳೆಸುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ಇಲ್ಲವೆಂದೇ ನನ್ನ ಅನಿಸಿಕೆ. ಕಪ್ಪು ತಂತಿಯಂಥ ಹೊಳೆಯುವ ದಂಟಿನ ಹಂಸಪದಿಯ ದಾರಿ ಬೇರೆ. ಅದು ಬೇಸಿಗೆಯಲ್ಲಿ ಪೂರ್ತಿ ಒಣಗಿ, ಮಣ್ಣಿನಲ್ಲಿ ಕಾಂಡವನ್ನು ಮಾತ್ರ ಉಳಿಸಿಕೊಂಡು ಮಲಗುತ್ತದೆ. ಸತ್ತಿತೆಂದು ಕುಂಡ ಬರಿದು ಮಾಡಬೇಡಿ. ಮುಂಗಾರಿನ ಮಳೆ ಬಿದ್ದರೆ ಪುಟ್ಟ ಸುರುಳಿಗಳು ಮೇಲೇಳುತ್ತವೆ. ಗರಿಯ ತುದಿ ನೆಲ ಮುಟ್ಟಿದಲ್ಲೆಲ್ಲ ಬೇರುಬಿಟ್ಟು ಮರಿಗಿಡವಾಗುತ್ತದೆ.

ಆದರೆ ಈ ಕಸುಬಿನ ನಿಜವಾದ ಸೊಬಗು ಇರುವುದು ಎಲೆಯ ಬೆನ್ನಿನಲ್ಲಿ. ಬಲಿತ ಗರಿಯನ್ನು ಮಗುಚಿದರೆ ಸಾಲುಸಾಲಾಗಿ ಕಂದು ಚುಕ್ಕೆಗಳು. ಕೀಟದ ಮೊಟ್ಟೆಯೆಂದೋ ರೋಗವೆಂದೋ ಹೆದರಿ ಔಷಧಿ ಹೊಡೆಯುವವರನ್ನು ಕಂಡಿದ್ದೇನೆ. ಅವು ಬೀಜಕಗಳ ಚೀಲಗಳು. ಅಂಥ ಗರಿಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಗಾಳಿಯಾಡದ ಕಡೆ ಒಂದೆರಡು ದಿನ ಬಿಟ್ಟರೆ ಕಾಗದದ ಮೇಲೆ ನಸ್ಯದಂಥ ಪುಡಿ ಉದುರಿ, ಗರಿಯ ಚಿತ್ರವೇ ಮೂಡಿರುತ್ತದೆ.

ಒಂದು ಹಳೆಯ ಇಟ್ಟಿಗೆಯ ಮೇಲೆ ಕುದಿನೀರು ಸುರಿದು ಆರಿಸಿ, ನೀರಿನ ತಟ್ಟೆಯಲ್ಲಿಟ್ಟು, ಈ ಪುಡಿಯನ್ನು ತೆಳುವಾಗಿ ಉದುರಿಸಿ ಗಾಜಿನ ಪಾತ್ರೆ ಕವುಚಿ. ಕೆಲವು ವಾರಗಳಲ್ಲಿ ಇಟ್ಟಿಗೆಗೆ ಹಸಿರು ಬಣ್ಣ ಏರುತ್ತದೆ. ಪಾಚಿ ಎಂದುಕೊಂಡು ತೊಳೆದೀರಿ, ಜೋಕೆ! ಮತ್ತೆ ಕೆಲವು ವಾರ ಕಾದರೆ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಾಳೆಗಳು ಕಾಣಿಸುತ್ತವೆ. ಅವುಗಳ ಅಡಿಯಲ್ಲಿಯೇ ಗಂಡು ಕಣ ನೀರಿನ ತೆಳು ಪೊರೆಯಲ್ಲಿ ಈಜಿ ಹೆಣ್ಣು ಕಣವನ್ನು ಸೇರಬೇಕು. ಆಮೇಲಷ್ಟೇ ನಾವು ಜರೀಗಿಡವೆಂದು ಗುರುತಿಸುವ ಗಿಡ ಹುಟ್ಟುತ್ತದೆ. ಈ ಎರಡು ಜನ್ಮಗಳ ಕ್ರಮವನ್ನು 1851ರಲ್ಲಿ ಬಿಡಿಸಿ ತೋರಿಸಿದವನು ಲೈಪ್‌ಜಿಗ್‌ನಲ್ಲಿ ಸಂಗೀತ ಪುಸ್ತಕಗಳ ವ್ಯಾಪಾರದಲ್ಲಿದ್ದ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಈ ಹಂತದಲ್ಲಿ ದಿನಕ್ಕೊಮ್ಮೆ ಮಂಜಿನಂತೆ ನೀರು ಚಿಮುಕಿಸುವುದು ತಪ್ಪಿದರೆ ಅಷ್ಟು ದಿನದ ಕಾಯುವಿಕೆ ವ್ಯರ್ಥ.

ಗಾಜು ಕವುಚುವುದಕ್ಕೂ ಒಂದು ಕಥೆಯಿದೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಹಿತ್ತಿಲಲ್ಲಿ ನೆಟ್ಟ ಜರೀಗಿಡಗಳು ಕಲ್ಲಿದ್ದಲ ಹೊಗೆಗೆ ಸಾಯುತ್ತಿದ್ದವು. 1829ರಲ್ಲಿ ಅವನು ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಅದೇ ಮಣ್ಣಿನಲ್ಲಿ ಜರೀಗಿಡ ತಾನಾಗಿ ಚಿಗುರಿತು. ಒಳಗಿನ ತೇವ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆ ಬಾಟಲಿಯಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹಾ ಗಿಡಗಳು ಹಡಗು ಹತ್ತಿ ಭಾರತಕ್ಕೆ ಬಂದವು.

ಕಾಡಿನಿಂದ ಜರೀಗಿಡವನ್ನು ಬೇರುಸಮೇತ ಕಿತ್ತು ತರಬೇಡಿ. ನೆರೆಮನೆಯವರ ಬಾವಿಗೋಡೆಯಿಂದ ಬಲಿತ ಒಂದು ಗರಿ ಕೇಳಿ ತನ್ನಿ. ಸಾವಿರಾರು ಗಿಡಗಳಿಗೆ ಆಗುವಷ್ಟು ಪುಡಿ ಅದೊಂದರಲ್ಲೇ ಇರುತ್ತದೆ.