ಹಂಚಿಕೊಂಡ ಗುಟ್ಟಿಗೆ ಹೊಣೆ ಯಾರು?

ತಿಂಗಳ ಇಪ್ಪತ್ತನೆಯ ತಾರೀಖಿನ ಹಿಂದುಮುಂದಿನ ದಿನಗಳಲ್ಲಿ ಪೇಟೆಬೀದಿಯ ಯಾವುದೇ ತೆರಿಗೆ ಸಲಹೆಗಾರರ ಕಚೇರಿಯನ್ನು ಹೊಕ್ಕು ನೋಡಿದರೂ, ಬಿಲ್ಲುಗಳ ರಾಶಿಯ ನಡುವೆ, ಅಂಚು ಸವೆದ ಒಂದು ಉದ್ದನೆಯ ನೋಟ್‌ಪುಸ್ತಕವು ಕಣ್ಣಿಗೆ ಬೀಳದಿರುವುದು ಅಪೂರ್ವ. ಆ ಕಚೇರಿಯವರು ‘ಪಾರ್ಟಿ’ಗಳೆಂದು ಕರೆಯುವ ವರ್ತಕರ ಜಿಎಸ್‌ಟಿ ಸಂಖ್ಯೆ, ಯೂಸರ್‌ನೇಮ್, ಪಾಸ್‌ವರ್ಡ್‌ಗಳೆಲ್ಲವೂ ಅದರಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ಹಳೆಯ ಪಾಸ್‌ವರ್ಡನ್ನು ಹೊಡೆದುಹಾಕಿ ಮಗ್ಗುಲಲ್ಲಿ ಹೊಸದನ್ನೂ, ಅದನ್ನೂ ಹೊಡೆದು ಅಂಚಿನಲ್ಲಿ ಮತ್ತೊಂದನ್ನೂ ಬರೆದಿರುತ್ತಾರೆ. ಕೊಂಚ ಮುಂದುವರಿದ ಕಚೇರಿಗಳಲ್ಲಿ ಆ ಪುಸ್ತಕವು ಎಕ್ಸೆಲ್ ಕಡತದ ರೂಪವನ್ನು ತಾಳಿದೆ. ಇನ್ನೂ ಮುಂದುವರಿದ ಕಡೆ ವಾಟ್ಸ್ಆ್ಯಪ್ ಗುಂಪಿನೊಳಗೆ, ಹಬ್ಬದ ಶುಭಾಶಯಗಳ ಮಧ್ಯೆ ಹರಿದಾಡುತ್ತಿದೆ.

ಇದನ್ನು ಅಜ್ಞಾನವೆಂದು ಹಳಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಐದಾರು ಮಂದಿ ಸೇರಿ ನಡೆಸುವ ವ್ಯವಹಾರದಲ್ಲಿ ಯಜಮಾನರು ಊರಿನಲ್ಲಿಲ್ಲದ ದಿನವೂ ಲಾರಿ ಹೊರಡಬೇಕು, ರಿಟರ್ನ್ ಸಲ್ಲಿಕೆಯಾಗಬೇಕು, ಕರೆಂಟ್ ಬಿಲ್ ಸಂದಾಯವಾಗಬೇಕು. ಆದರೆ ಒಂದೇ ಪಾಸ್‌ವರ್ಡು ಐವರ ಬಾಯಲ್ಲಿರುವಾಗ, ಯಾವುದೋ ಒಂದು ಇನ್ವಾಯ್ಸ್ ಅಳಿಸಿಹೋದರೆ, ಅಪರಾಧಿ ಒಬ್ಬನಾದರೂ ಸಂದೇಹಕ್ಕೆ ಪಾತ್ರರಾಗುವವರು ಐವರು. ಗುಟ್ಟನ್ನು ಹೀಗೆ ಒಟ್ಟಾಗಿ ಇಟ್ಟುಕೊಳ್ಳುವುದನ್ನು ಪರಸ್ಪರ ವಿಶ್ವಾಸದ ಲಕ್ಷಣವೆಂದು ಭಾವಿಸುವವರುಂಟು. ನನ್ನ ಅಭಿಪ್ರಾಯದಲ್ಲಿ, ಸಹೋದ್ಯೋಗಿಗಳ ನಡುವಣ ವಿಶ್ವಾಸವನ್ನು ಇಷ್ಟು ಬೇಗ ಕೆಡಿಸತಕ್ಕ ಪದ್ಧತಿ ಮತ್ತೊಂದಿಲ್ಲ.

ಕಂಪ್ಯೂಟರಿನ ಪಾಸ್‌ವರ್ಡು ಹುಟ್ಟಿದ್ದಾದರೂ ಹಲವರು ಕೂಡಿ ಬಾಳಬೇಕಾದ ಸಂದರ್ಭದಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವಂತೆ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ರಚಿಸಿದಾಗ, ಅವರವರ ಕಡತ ಅವರವರಿಗೇ ಇರಲೆಂದು ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡನ್ನು ಕೊಟ್ಟರು. ತನಗೆ ನಿಗದಿಯಾದ ಕಾಲ ಸಾಲದೆಂದು ಆಲನ್ ಶೆರ್ ಎಂಬ ಸಂಶೋಧಕರು 1962ರಲ್ಲಿ ಎಲ್ಲರ ಪಾಸ್‌ವರ್ಡುಗಳನ್ನೂ ಮುದ್ರಿಸಿಕೊಂಡುಬಿಟ್ಟರು; 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ದಿನದ ಸೂಚನೆಯನ್ನು ಓದಲು ಬಂದವರಿಗೆಲ್ಲ ಪಾಸ್‌ವರ್ಡುಗಳ ಪಟ್ಟಿಯೇ ದರ್ಶನವಿತ್ತಿತು. ಆದರೂ ಮೂಲದ ಆಲೋಚನೆ ಸರಿಯಾಗಿತ್ತು: ಯಂತ್ರ ಒಂದು, ಗುಟ್ಟು ಹಲವು. ನಾವಾದರೋ ಯಂತ್ರಗಳನ್ನು ಹಲವು ಮಾಡಿ ಗುಟ್ಟನ್ನು ಒಂದಾಗಿಸಿದ್ದೇವೆ.

ಆದುದರಿಂದ ಮೊದಲು ವಿಚಾರಿಸತಕ್ಕದ್ದು, ಹಂಚಿಕೊಳ್ಳುವ ಅಗತ್ಯವೇ ಇದೆಯೇ ಎಂಬುದನ್ನು. ಸರಕು ಸಾಗಣೆಯ ಇ-ವೇ ಬಿಲ್ಲನ್ನು ದೇಶದಲ್ಲಿ ಎಲ್ಲಕ್ಕಿಂತ ಮೊದಲು, 2017ರ ಸೆಪ್ಟೆಂಬರಿನಲ್ಲಿ, ಜಾರಿಗೆ ತಂದದ್ದು ನಮ್ಮ ಕರ್ನಾಟಕ. ಅದರ ಪೋರ್ಟಲ್ಲಿನಲ್ಲಿ ಮುಖ್ಯ ಖಾತೆಯ ಕೆಳಗೆ ನೌಕರರಿಗಾಗಿ ಬೇರೆ ಬೇರೆ ಸಬ್-ಯೂಸರ್‌ಗಳನ್ನು ಸೃಷ್ಟಿಸಿ, ಯಾರು ಯಾವ ಕೆಲಸ ಮಾಡಬಹುದೆಂದು ಗೊತ್ತುಮಾಡಿ, ಬಿಟ್ಟುಹೋದವರ ಖಾತೆಯನ್ನು ಸ್ಥಗಿತಗೊಳಿಸಲು ಅವಕಾಶವಿದೆ. ಅನೇಕ ಬ್ಯಾಂಕುಗಳು ವ್ಯಾಪಾರಿ ಖಾತೆಗಳಿಗೆ ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಮೇಕರ್-ಚೆಕರ್ ಸೌಲಭ್ಯವನ್ನು ಕೊಡುತ್ತವೆ. ಇಷ್ಟಿದ್ದರೂ ಯಜಮಾನರ ಖಾತೆಯೊಂದರಿಂದಲೇ ಅಂಗಡಿಯವರೆಲ್ಲ ಒಳಹೊಗುವುದು ರೂಢಿ.

ಈ ರೂಢಿಯ ಕೇಡು ಈಚೆಗೆ ಮತ್ತೊಂದು ದಾರಿಯಲ್ಲಿ ಬೆಳಕಿಗೆ ಬಂದಿದೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ಲಿಗೆ ಸಣ್ಣ ವರ್ತಕರೂ ಪಾಸ್‌ವರ್ಡಿನ ಜೊತೆಗೆ ಓಟಿಪಿಯನ್ನು ಕೊಡಬೇಕಾಯಿತು. ಸಬ್-ಯೂಸರ್ ಇದ್ದಲ್ಲಿ ಓಟಿಪಿಯು ಆಯಾ ನೌಕರರ ಫೋನಿಗೇ ಹೋಗುತ್ತದೆ. ಇಲ್ಲದಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ಕುಳಿತ ಯಜಮಾನರ ಫೋನು ಗುಣುಗುಟ್ಟಿ, ಆಚೆಯಿಂದ “ಸಾರ್, ಓಟಿಪಿ ಬಂದಿರ್ಬೇಕು ನೋಡಿ, ಬೇಗ ಹೇಳಿ ಸಾರ್” ಎಂಬ ಬೇಡಿಕೆ ಕೇಳಿಬರುತ್ತದೆ. ಅವರು ಹೇಳುತ್ತಾರೆ. ದಿನನಿತ್ಯವೂ ಫೋನಿನಲ್ಲಿ ಓಟಿಪಿ ಹೇಳುವುದನ್ನೂ ಕೇಳುವುದನ್ನೂ ಅಭ್ಯಾಸಮಾಡಿಕೊಂಡ ಕಚೇರಿಯು, ಒಂದು ದಿನ ವಂಚಕನು ಕರೆಮಾಡಿ ಅದನ್ನೇ ಕೇಳಿದಾಗ ಏಕಾಏಕಿ ಎಚ್ಚರಗೊಳ್ಳುವುದೆಂದು ನಿರೀಕ್ಷಿಸುವುದು ಹೇಗೆ?

ನೌಕರರಿಗೆ ಬೇರೆ ಬೇರೆ ಖಾತೆಗಳನ್ನು ಮಾಡಿಕೊಟ್ಟ ಮೇಲೂ, ಹಂಚಿಕೊಳ್ಳಲೇಬೇಕಾಗಿ ಉಳಿಯುವ ಖಾತೆಗಳಿವೆ: ಕಚೇರಿಯ ಇ-ಮೇಲ್, ಬೆಸ್ಕಾಂ ಬಿಲ್ಲು, ವೆಬ್‌ಸೈಟಿನ ಡೊಮೇನು, ಬಿಡಿಭಾಗ ತರಿಸುವ ಕಂಪನಿಯ ಪೋರ್ಟಲ್. ಇವುಗಳಿಗಾಗಿಯೇ ಪಾಸ್‌ವರ್ಡ್ ಮ್ಯಾನೇಜರುಗಳು ಹುಟ್ಟಿಕೊಂಡಿವೆ. ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್ ಮೊದಲಾದವುಗಳ ಹಂಚಿಕೆಯ ತಂತ್ರವು 1976ರಲ್ಲಿ ವ್ಹಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ತತ್ತ್ವದಿಂದ ಬೆಳೆದುಬಂದದ್ದು. ಪಾಸ್‌ವರ್ಡುಗಳೆಲ್ಲ ಇರುವ ಒಂದು ತಿಜೋರಿಯನ್ನು ಊಹಿಸಿಕೊಳ್ಳಿ. ಅದರ ಕೀಲಿಕೈಯ ಒಂದೊಂದು ಪ್ರತಿಯನ್ನು, ಪ್ರತಿಯೊಬ್ಬ ನೌಕರನೂ ಮೊದಲೇ ತಂದಿಟ್ಟ ಅವನವನ ಪುಟ್ಟ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಲಾಗುತ್ತದೆ. ಪೆಟ್ಟಿಗೆಯನ್ನು ಮುಚ್ಚುವುದು ಯಾರಿಗೂ ಸಾಧ್ಯ, ತೆರೆಯುವುದು ಅದರ ಒಡೆಯನೊಬ್ಬನಿಗೇ ಸಾಧ್ಯ. ಇವೆಲ್ಲವನ್ನೂ ಕಾಯ್ದಿಡುವ ಕಂಪನಿಗೂ ಒಳಗಿನದು ಕಾಣುವುದಿಲ್ಲ. ಒಬ್ಬರು ಪಾಸ್‌ವರ್ಡನ್ನು ಬದಲಿಸಿದರೆ ಮಿಕ್ಕವರ ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಅದು ತಾನಾಗಿ ಬದಲಾಗುತ್ತದೆ. ಇಬ್ಬರೇ ಇರುವ ವ್ಯವಹಾರಕ್ಕೆ ಬಿಟ್‌ವಾರ್ಡನ್ನಿನ ಉಚಿತ ಸೌಲಭ್ಯವೂ ಸಾಕು.

ಹಣ ಕೊಡಲೊಲ್ಲದವರಿಗೆ, ಅಥವಾ ತಮ್ಮ ಗುಟ್ಟು ಪರರ ಸರ್ವರಿನಲ್ಲಿರುವುದನ್ನು ಒಪ್ಪದವರಿಗೆ, 2003ರಿಂದ ಪ್ರಚಾರದಲ್ಲಿರುವ ಕೀಪಾಸ್ ಉಂಟು. ಅದರಲ್ಲಿ ಎಲ್ಲವೂ ಒಂದೇ ಕಡತದೊಳಗೆ ಗೂಢಲಿಪಿಯಲ್ಲಿ ಅಡಗಿರುತ್ತದೆ. ಆ ಕಡತವನ್ನು ಗೂಗಲ್ ಡ್ರೈವಿನಲ್ಲಿಟ್ಟು ಇಬ್ಬರು ಏಕಕಾಲದಲ್ಲಿ ತಿದ್ದಿದಾಗ ಎರಡು ಪ್ರತಿಗಳಾಗಿ, ಯಾವುದು ಸರಿ ಎಂಬ ವ್ಯಾಜ್ಯ ಹುಟ್ಟುವುದುಂಟು. ಕೀಪಾಸ್‌ನಲ್ಲಿ ಎರಡನ್ನೂ ಕೂಡಿಸುವ ಸೌಲಭ್ಯವಿದ್ದರೂ ಅದನ್ನು ನೆನಪಿಟ್ಟು ಬಳಸುವ ಶಿಸ್ತು ಬೇಕು. ಇದಕ್ಕೂ ಮಿಗಿಲಾದ ಕೊರತೆಯೆಂದರೆ, ಇಡೀ ಕಡತಕ್ಕೆ ಒಂದೇ ಪಾಸ್‌ವರ್ಡು. ಅದನ್ನು ಐವರಿಗೂ ಹೇಳಲೇಬೇಕಾದಲ್ಲಿ ನಾವು ಮತ್ತೆ ನೋಟ್‌ಪುಸ್ತಕಕ್ಕೇ ಹಿಂದಿರುಗಿದಂತಾಯಿತು.

ಈ ತಿಜೋರಿಗಳು ನಿರಪಾಯವೆಂದು ನಾನು ಹೇಳಲಾರೆ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯ ಉದ್ಯೋಗಿಯೊಬ್ಬರ ಮನೆಯ ಕಂಪ್ಯೂಟರಿಗೆ ನುಗ್ಗಿದ ಕಳ್ಳರು ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಹೊತ್ತೊಯ್ದರು. ಅಂತಹ ಸಂದರ್ಭದಲ್ಲಿ ಗ್ರಾಹಕನ ಮುಖ್ಯ ಆಶ್ರಯವೆಂದರೆ ಅವನ ತಿಜೋರಿಯನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡು. ಅದನ್ನು ಆರಿಸುವುದಕ್ಕೆ ಆರ್ನಾಲ್ಡ್ ರೈನ್‌ಹೋಲ್ಡ್ ಸೂಚಿಸಿದ ವಿಧಾನ ನನಗೆ ಬಹಳ ಹಿಡಿಸಿದೆ: ದಾಳವನ್ನುರುಳಿಸಿ, 7,776 ಪದಗಳ ಪಟ್ಟಿಯಿಂದ, ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ಆರಿಸುವುದು. ನಮ್ಮವರು ಗಾದೆಯನ್ನೋ ದೇವರನಾಮದ ಪಲ್ಲವಿಯನ್ನೋ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನಿಶ್ಚಿಂತರಾಗುತ್ತಾರೆ. ಊರಿಗೆಲ್ಲ ಬಾಯಿಪಾಠವಾದದ್ದು ಕಳ್ಳನಿಗೂ ಬಾಯಿಪಾಠವೇ. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರು ಹೇಳಿಕೊಡಲಾರರಾದುದರಿಂದ, ಯಜಮಾನರದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆಯೊತ್ತಿ ಬ್ಯಾಂಕ್ ಲಾಕರಿನಲ್ಲಿಡುವುದು ಒಳ್ಳೆಯದು.

ಎಲ್ಲ ಏರ್ಪಾಟಿಗೂ ನಿಜವಾದ ಪರೀಕ್ಷೆ ನೌಕರನೊಬ್ಬನು ಕೆಲಸ ಬಿಟ್ಟ ದಿನ. ತಿಜೋರಿಯಿಂದ ಅವನ ಹೆಸರನ್ನು ತೆಗೆದುಬಿಟ್ಟರೆ ಆಯಿತೆಂದು ತಿಳಿಯುವುದು ತಪ್ಪು. ಕಂಡದ್ದನ್ನು ಅವನು ಬರೆದುಕೊಂಡಿರಬಹುದು. ಪಾಸ್‌ವರ್ಡನ್ನು ಚುಕ್ಕೆಗಳಾಗಿ ಮರೆಮಾಡಿ ಹಂಚುವ ಸೌಲಭ್ಯವನ್ನು ಕೂಡ ಪೂರ್ತಿಯಾಗಿ ನಂಬುವಂತಿಲ್ಲ. ಬ್ರೌಸರ್ ಬಲ್ಲವನಿಗೆ ಆ ಚುಕ್ಕೆಗಳ ಹಿಂದಿನದನ್ನು ಓದುವುದು ಕಷ್ಟವಲ್ಲ. ಅವನಿಗೆ ತಿಳಿದಿದ್ದವುಗಳನ್ನೆಲ್ಲ ಅಂದೇ ಬದಲಿಸತಕ್ಕದ್ದು. ಕಾರಣವಿಲ್ಲದೆ ತಿಂಗಳಿಗೊಮ್ಮೆ ಬದಲಿಸುವ ವ್ರತವನ್ನು ಮಾತ್ರ ಕೈಬಿಡಬಹುದು. ಅಮೆರಿಕದ ಎನ್ಐಎಸ್‌ಟಿ ಸಂಸ್ಥೆಯೇ 2017ರಲ್ಲಿ ಅದು ಬೇಡವೆಂದಿದೆ. ಮತ್ತೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯು ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತದೆ; ಆದರೆ ಐವರು ಒಂದೇ ಹೆಸರಿನಿಂದ ಒಳಹೊಕ್ಕ ಕಡೆ, ಬಳಸಿದವನು ಇವನೇ ಎಂದು ತೋರಿಸಿಕೊಡುವುದು ಸುಲಭವಲ್ಲ.

ಎಲ್ಲವನ್ನೂ ಒಮ್ಮೆಗೇ ಮಾಡಬೇಕೆಂದೇನೂ ಇಲ್ಲ. ಮಿಕ್ಕೆಲ್ಲ ಖಾತೆಗಳ ಪಾಸ್‌ವರ್ಡನ್ನು ಬದಲಿಸುವ ಕೊಂಡಿಗಳು ಬಂದು ಬೀಳುವುದು ಕಚೇರಿಯ ಇ-ಮೇಲಿಗೆ. ಸೋಮವಾರ ಅಂಗಡಿ ತೆರೆದ ಮೇಲೆ ದಯವಿಟ್ಟು ಅದೊಂದರಿಂದ ಆರಂಭಿಸಿ.