ಬಂಜರು ಪದವಿನ ಪುಟ್ಟ ಹೂಗಳು

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಅನೇಕ ಊರುಗಳಲ್ಲಿ ‘ಪದವು’ ಎಂಬ ಜಾಗವಿರುತ್ತದೆ. ಗುಡ್ಡದ ನೆತ್ತಿಯಲ್ಲಿ ಚಪ್ಪಟೆಯಾಗಿ ಹರಡಿದ ಮುರಕಲ್ಲಿನ ಬಯಲು ಅದು. ಬೇಸಿಗೆಯಲ್ಲಿ ಅಲ್ಲಿ ಬರಿಗಾಲಿಟ್ಟರೆ ಅಂಗಾಲು ಸುಡುತ್ತದೆ. ಕಾಣುವುದು ಕಪ್ಪಾದ ಕಲ್ಲು ಮತ್ತು ಒಣ ಹುಲ್ಲು, ಅಷ್ಟೆ. ಜಮೀನಿನ ಕಾಗದಪತ್ರಗಳಲ್ಲಿ ಇಂಥ ನೆಲಕ್ಕೆ ‘ಬಂಜರು’ ಎಂದು ಬರೆದಿರುವುದುಂಟು. ಬ್ಯಾಂಕಿನ ಗುಮಾಸ್ತನಾಗಿದ್ದಾಗ ಸಾಲದ ಅರ್ಜಿಗಳ ಜೊತೆ ಬರುತ್ತಿದ್ದ ದಾಖಲೆಗಳಲ್ಲಿ ಆ ಶಬ್ದವನ್ನು ನಾನು ಎಷ್ಟೋ ಸಲ ಓದಿದ್ದೇನೆ.

ಆದರೆ ಮಕ್ಕಳೇ, ಮಳೆ ಹಿಡಿದು ಒಂದೆರಡು ತಿಂಗಳಾದ ಮೇಲೆ ಅದೇ ಪದವಿಗೆ ಹೋಗಿ ನೋಡಿ. ನಿಂತು ನೋಡಿದರೆ ಸಾಲದು, ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಮೊಬೈಲಿನ ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿದು ನೋಡಿದರೆ ಇನ್ನೂ ಚೆನ್ನ. ಬಂಜರು ಎಂಬ ಮಾತು ಎಷ್ಟು ಪೊಳ್ಳು ಎಂದು ಆಗ ತಿಳಿಯುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಇಬ್ಬನಿ ಹೊತ್ತಂತೆ ಹೊಳೆಯುವ ಒಂದು ಕೆಂಪು ಗಿಡ. ಹೆಸರು ಡ್ರಾಸೆರಾ. ಬಿಸಿಲು ಏರಿದರೂ ಅದರ ಹನಿಗಳು ಆರುವುದಿಲ್ಲ, ಏಕೆಂದರೆ ಅವು ಇಬ್ಬನಿಯಲ್ಲ, ಅಂಟು! ಸಿಹಿ ಎಂದು ಬಂದು ಕೂತ ಸೊಳ್ಳೆಯೋ ಇರುವೆಯೋ ಅಂಟಿಕೊಳ್ಳುತ್ತದೆ. ಎಲೆಯ ರೋಮಗಳು ಬಾಗಿ ಅದನ್ನು ಹಿಡಿಯುತ್ತವೆ. ಆಮೇಲೆ ಎಲೆಯೇ ಹೊಟ್ಟೆಯಂತೆ ಅದನ್ನು ಕರಗಿಸಿ ಹೀರುತ್ತದೆ. ಪದವಿನ ಕಲ್ಲಿನ ಮೇಲೆ ಇರುವುದು ತೆಳುವಾದ ಮಣ್ಣು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ ಅದರ ಸಾರವನ್ನೆಲ್ಲ ತೊಳೆದುಬಿಡುತ್ತದೆ. ಬೇರಿಗೆ ಸಿಗದ ಸಾರಜನಕವನ್ನು ಗಿಡ ಕೀಟದಿಂದ ಪಡೆಯುತ್ತದೆ. ಚಾರ್ಲ್ಸ್ ಡಾರ್ವಿನ್ ಇಂಥ ಗಿಡಗಳ ಮೇಲೆ ಪ್ರಯೋಗ ಮಾಡಿ 1875ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮಲ್ಲಿ ಬೆಳೆಯುವ ಒಂದು ಜಾತಿಯ ಹೆಸರಂತೂ ಡ್ರಾಸೆರಾ ಇಂಡಿಕಾ. ಭಾರತ ಅದರ ಹೆಸರಿನಲ್ಲೇ ಇದೆ.

ಪಕ್ಕದ ಒದ್ದೆ ನೆಲದಲ್ಲಿ ನೀಲಿ-ನೇರಳೆ ಬಣ್ಣದ ಹೂಗಳ ಹಾಸು ಕಾಣುತ್ತದೆ. ಅದು ಯುಟ್ರಿಕ್ಯುಲೇರಿಯಾ. ಮರಾಠಿಯವರು ಇದರ ಒಂದು ಜಾತಿಯನ್ನು ‘ಸೀತೆಯ ಕಣ್ಣೀರು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಹೂವು ಇಷ್ಟು ಸೌಮ್ಯ, ಆದರೆ ಕೆಸರಿನೊಳಗೆ ಅದರ ಪುಟ್ಟ ಚೀಲಗಳು ಬಾಯಿ ಮುಚ್ಚಿ ಕಾಯುತ್ತಿರುತ್ತವೆ. ಸೂಕ್ಷ್ಮಜೀವಿ ತಾಗಿದ ಕೂಡಲೇ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತವೆ. ಇದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ!

ಇನ್ನೊಂದು ತಮಾಷೆ ಕೇಳಿ. ಮುಟ್ಟಿದರೆ ಮುದುಡುವ ನಾಚಿಕೆ ಮುಳ್ಳು ನಿಮಗೆಲ್ಲ ಗೊತ್ತು. ಅದು ಅಮೆರಿಕ ಖಂಡದಿಂದ ಬಂದ ಗಿಡ. ಮುಟ್ಟಿದರೆ ಎಲೆ ಮಡಿಚುವ ನಮ್ಮದೇ ಗಿಡವೊಂದಿದೆ. ಗೇಣುದ್ದವೂ ಇಲ್ಲದ, ತೆಂಗಿನ ಮರದ ಮರಿಯಂತೆ ಕಾಣುವ, ಹಳದಿ ಹೂ ಬಿಡುವ ಬಯೋಫೈಟಮ್. ಕೇರಳದವರು ಅದನ್ನು ‘ಮುಕ್ಕುಟ್ಟಿ’ ಎಂದು ಕರೆದು ದಶಪುಷ್ಪಗಳಲ್ಲಿ ಸೇರಿಸಿದ್ದಾರೆ. ಬೇಲಿಯ ಬುಡದಲ್ಲಿ ಹುಡುಕಿ, ಸಿಕ್ಕೀತು.

ಈಗ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಇಂಥ ಗಿಡಗಳ ಊರ ಹೆಸರು ಉಳಿದಿರುವುದು ನಮ್ಮ ತಲೆಮಾರಿನ ಬಾಯಲ್ಲಿ. ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಪೂಜೆಗೆ ಕಾಡುಹೂ ಕಟ್ಟಿದ ಕೈಗಳಿಗೆ ಯಾವ ಹೂ ಎಲ್ಲಿ ಅರಳುತ್ತದೆಂದು ಗೊತ್ತು. ಮೊಮ್ಮಗಳ ಹತ್ತಿರ ಕ್ಯಾಮೆರಾ ಇದೆ, ಅಜ್ಜಿಯ ಹತ್ತಿರ ಹೆಸರಿದೆ. ಹೆಸರಿಲ್ಲದ ಫೋಟೊ ಖಾತೆ ನಂಬರಿಲ್ಲದ ಜಮಾ ಚೀಟಿಯಂತೆ, ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗಬೇಕು.

ಹೋಗುವಾಗ ಕೆಲವು ನಿಯಮಗಳು. ಬೆಳಗಿನ ಎಳೆಬಿಸಿಲು ಫೋಟೊಗೆ ಒಳ್ಳೆಯದು. ಲೆನ್ಸನ್ನು ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಇಡೀ ಗಿಡ, ಎಲೆ, ಹೂ ಹೀಗೆ ಮೂರು ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ತಾರೀಖು, ಜಾಗ ಬರೆದಿಡಿ. ಕೀಳಬೇಡಿ, ತುಳಿಯಬೇಡಿ, ಬಾಯಿಗೆ ಹಾಕಲೇಬೇಡಿ. ಬೆಂಕಿಯ ನಾಲಗೆಯಂತೆ ಚೆಲುವಾಗಿ ಅರಳುವ ಅಗ್ನಿಶಿಖೆಯ ಗೆಡ್ಡೆ ಪ್ರಾಣಕ್ಕೇ ಅಪಾಯ. ಜಾರುವ ಪಾರೆಗಳ ಮೇಲೆ, ನೀರು ತುಂಬಿದ ಕಲ್ಲಿನ ಕೋರೆಗಳ ಹತ್ತಿರ ಮಕ್ಕಳು ಒಬ್ಬರೇ ಹೋಗಬಾರದು.

ಆ ಕೋರೆಗಳ ವಿಷಯವೂ ಹೇಳಲೇಬೇಕು. ಮುರಕಲ್ಲಿನಿಂದಲೇ ನಮ್ಮ ಮನೆಗಳ ಗೋಡೆ ಎದ್ದಿವೆ, ನಿಜ. ಆದರೆ ಕಲ್ಲು ಕತ್ತರಿಸುವ ಯಂತ್ರ ಮೊದಲು ತೆಗೆಯುವುದು ಮೇಲಿನ ಪದರವನ್ನು. ಡ್ರಾಸೆರಾಕ್ಕೂ ಸೀತೆಯ ಕಣ್ಣೀರಿಗೂ ಇರುವ ನೆಲ ಅದೊಂದೇ. ತೋಟದ ಗೊಬ್ಬರದ ಮಣ್ಣಿಗೆ ಕಿತ್ತು ತಂದರೆ ಅವು ಬದುಕುವುದಿಲ್ಲ. ಅಲ್ಲಿ ಏನಿತ್ತೆಂದು ಯಾರೂ ಬರೆದಿಡದಿದ್ದರೆ, ಹೋದದ್ದು ಏನೆಂದು ಕೇಳುವವರೂ ಇರುವುದಿಲ್ಲ.

ಬರೆದಿಟ್ಟವರೂ ಇದ್ದಾರೆ. ಉಡುಪಿಯ ಸಸ್ಯಶಾಸ್ತ್ರದ ಮೇಷ್ಟ್ರು ಕೆ. ಗೋಪಾಲಕೃಷ್ಣ ಭಟ್ಟರು ಸುತ್ತಲಿನ ಗಿಡಮರಗಳನ್ನೆಲ್ಲ ದಾಖಲಿಸಿ 2003ರಲ್ಲಿ ‘ಫ್ಲೋರಾ ಆಫ್ ಉಡುಪಿ’ ಎಂಬ ದೊಡ್ಡ ಗ್ರಂಥ ತಂದರು. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ಆದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಹಿರಿಯರಿಗಿರುವ ತಿಳಿವಳಿಕೆ ಎಲ್ಲವನ್ನೂ ಅದು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕು. ನಿಮ್ಮ ಫೋಟೊ, ತಾರೀಖು, ಅಜ್ಜಿ ಹೇಳಿದ ಹೆಸರು ಸೇರಿಸಿ ಒಂದು ಪಟ್ಟಿ ಮಾಡಿ. ಶಾಲೆಯ ಮೇಷ್ಟ್ರ ಮೂಲಕ ಪಂಚಾಯಿತಿಗೆ ಕೊಡಿ. ಹತ್ತೇ ಗಿಡವಿದ್ದರೂ ಸಾಕು. ನಾಳೆ ಯಾರಾದರೂ ಆ ಪದವನ್ನು ಬಂಜರು ಎಂದರೆ, ಅಲ್ಲ ಎಂದು ತೋರಿಸಲು ಊರಿನ ಕೈಯಲ್ಲಿ ಒಂದು ದಾಖಲೆ ಇರುತ್ತದೆ.