ಚಾಪೆಯ ಎರಡೂ ಕಡೆ

2010ರ ಬೇಸಿಗೆಯಲ್ಲಿ ಹೈದರಾಬಾದು ದೇಶದ ಕಿರುಸಾಲದ ರಾಜಧಾನಿಯಾಗಿತ್ತು. ಎಸ್‌ಕೆಎಸ್, ಸ್ಪಂದನ, ಶೇರ್, ಅಸ್ಮಿತಾ ಮುಂತಾದ ದೊಡ್ಡ ಮೈಕ್ರೋಫೈನಾನ್ಸ್ ಕಂಪನಿಗಳ ಹೆಡ್ಡಾಫೀಸುಗಳು ಅಲ್ಲೇ ಇದ್ದವು. ಎಸ್‌ಕೆಎಸ್ ಕೆಲಸ ಶುರುಮಾಡಿದ್ದು ಬೀದರ್ ಗಡಿಗೆ ಅಂಟಿಕೊಂಡ ನಾರಾಯಣಖೇಡದ ಹಳ್ಳಿಗಳಲ್ಲಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ. ಆ ವರ್ಷದ ಆಗಸ್ಟ್ ಹೊತ್ತಿಗೆ ಅದು ಷೇರುಪೇಟೆಗೆ ಬಂದು ಸುಮಾರು 1,600 ಕೋಟಿ ರೂಪಾಯಿ ಎತ್ತಿತ್ತು. ಎರಡೇ ತಿಂಗಳಲ್ಲಿ, ಅಕ್ಟೋಬರ್ ಮಧ್ಯದಲ್ಲಿ, ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಮನೆಬಾಗಿಲಿನ ವಸೂಲಿಗೆ ತಡೆ ಹಾಕಿತು. ಅಷ್ಟರಲ್ಲಿ ಸಾಲಗಾರರ ಆತ್ಮಹತ್ಯೆಯ ಸುದ್ದಿಗಳು ಜಿಲ್ಲೆ ಜಿಲ್ಲೆಗಳಿಂದ ಬರತೊಡಗಿದ್ದವು.

ಆಗ ಎದ್ದ ಮಾತುಗಳು ಎರಡು ಬಗೆಯವು. ವಸೂಲಿಗೆ ಹೋಗುವ ಹುಡುಗರು ಕಟುಕರು ಎಂಬುದು ಒಂದು. ಆ ಹೆಂಗಸರಿಗೆ ಮನೋಬಲ ಸಾಲದು ಎಂಬುದು ಇನ್ನೊಂದು. ಎರಡರಲ್ಲೂ ಕಣ್ಣು ನೆಟ್ಟಿರುವುದು ಮನುಷ್ಯರ ಒಳಗೆ. ಅವರಿಬ್ಬರ ನಡುವೆ ಹಾಸಿದ್ದ ಚಾಪೆಯನ್ನು ನೋಡಿದವರು ಕಡಿಮೆ.

ಆ ಚಾಪೆಯ ಸುತ್ತ ನಡೆಯುತ್ತಿದ್ದುದು ಹೀಗೆ. ಬೆಳಗ್ಗೆ ಕೂಲಿಗೆ ಹೊರಡುವ ಮುನ್ನ ಹೆಂಗಸರು ಯಾರದ್ದಾದರೂ ಮನೆಯ ಅಂಗಳದಲ್ಲಿ ಸೇರಬೇಕು. ಐದೈದು ಜನರ ಗುಂಪು, ಗುಂಪಿಗೊಂದು ಸಾಲು. ಎಲ್ಲರೂ ಒಟ್ಟಾಗಿ ಪ್ರತಿಜ್ಞೆ ಹೇಳಬೇಕು, ಹಾಜರಿ ಕೊಡಬೇಕು. ಎದುರಿಗೆ ಬೈಕಿನಲ್ಲಿ ಬಂದ ಫೀಲ್ಡ್ ಆಫೀಸರ್. ವಯಸ್ಸು ಇಪ್ಪತ್ತರ ಮೇಲೆ ಚೂರುಪಾರು. ಅವನೂ ಇಂಥದ್ದೇ ಮನೆಯವನು, ಬೇರೆ ತಾಲ್ಲೂಕಿನಿಂದ ಇಲ್ಲಿಗೆ ಪೋಸ್ಟಿಂಗ್ ಆದವನು. ಒಬ್ಬಳ ಕಂತು ಬಾರದಿದ್ದರೆ ಗುಂಪು ತುಂಬಿಕೊಡಬೇಕು, ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. "ಸಾರ್, ಇದೊಂದು ವಾರ ತಡೀರಿ" ಎಂದು ಒಬ್ಬಳು ಕೇಳಿದರೆ ಉತ್ತರ ಕೊಡುವ ತಾಪತ್ರಯವೇ ಅವನಿಗಿಲ್ಲ. ಪಾಸ್‌ಬುಕ್ಕು ಮಡಚಿ ಸುಮ್ಮನೆ ಕೂತರೆ ಸಾಕು. ಹೊತ್ತು ಏರುತ್ತದೆ, ಕೂಲಿ ತಪ್ಪುತ್ತದೆ, ಮಿಕ್ಕ ನಾಲ್ವರೇ ಅವಳ ಮೇಲೆ ಹರಿಹಾಯುತ್ತಾರೆ.

ಲೆಕ್ಕ ನೋಡಿ. ಹತ್ತು ಸಾವಿರ ಸಾಲ, ಐವತ್ತು ವಾರದ ಕಂತು, ನೂರಕ್ಕೆ ಹನ್ನೆರಡೂವರೆ 'ಫ್ಲಾಟ್' ಬಡ್ಡಿ ಎಂದಿಟ್ಟುಕೊಳ್ಳಿ. ವಾರಕ್ಕೆ 225 ರೂಪಾಯಿ. ವಾರವಾರವೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಇಡೀ ಹತ್ತು ಸಾವಿರದ ಮೇಲೆ ನಿಂತಿರುವುದರಿಂದ ನಿಜವಾದ ದರ ಇಪ್ಪತ್ತೈದರ ಸುತ್ತ ಬೀಳುತ್ತದೆ. ಒಂದೇ ಸಾಲವಾದರೆ ಹೇಗೋ ದಾಟಬಹುದು. ಆದರೆ ಒಂದೇ ಓಣಿಯಲ್ಲಿ ನಾಲ್ಕು ಕಂಪನಿಗಳು ಸಂಘ ಕಟ್ಟಿದಾಗ, ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ ಎತ್ತುವುದು ರೂಢಿಯಾಯಿತು. ನಾಲ್ಕು ಕಂತೆಂದರೆ ವಾರಕ್ಕೆ 900. ಉದ್ಯೋಗ ಖಾತರಿಯ ದಿನಗೂಲಿ ಆಗ ನೂರರ ಆಸುಪಾಸು. ಭಾನುವಾರ ಬಿಟ್ಟು ಮೈಮುರಿದು ದುಡಿದರೂ ಆರುನೂರು. ಈ ಲೆಕ್ಕ ಸಾಲ ಕೊಡುವವರಿಗೆ ತಿಳಿಯದ್ದೇನಲ್ಲ. ಆದರೆ ತಿಂಗಳ ಕೊನೆಗೆ ಬ್ರಾಂಚಿನಲ್ಲಿ ಕೇಳುತ್ತಿದ್ದುದು ಎಷ್ಟು ಹೊಸ ಸಾಲ ಕೊಟ್ಟೆ, ಎಷ್ಟು ವಸೂಲಿ ಮಾಡಿದೆ ಎಂದು ಮಾತ್ರ. ಹುಡುಗನ ಇನ್ಸೆಂಟಿವ್ ನಿಂತಿದ್ದುದೂ ಅದರ ಮೇಲೆಯೇ.

ಕೆಲಸದ ಜಾಗದಲ್ಲಿ ಸರಿತಪ್ಪಿನ ತೀರ್ಮಾನ ಎಷ್ಟರಮಟ್ಟಿಗೆ ಸನ್ನಿವೇಶದ ಕೈಯಲ್ಲಿದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲೊಂದು ಹೆಸರಾಂತ ಪ್ರಯೋಗವಿದೆ. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ 40 ಜನರನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಭಾಷಣಕ್ಕೆಂದು ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದ. ಅವನು ಅವರೇ ಕೂರಿಸಿದ ನಟ. ಹೊತ್ತು ಬೇಕಾದಷ್ಟಿದೆ ಎಂದು ಹೇಳಿಸಿಕೊಂಡು ಹೊರಟವರಲ್ಲಿ ನೂರಕ್ಕೆ 63ರಷ್ಟು ಮಂದಿ ಅವನ ನೆರವಿಗೆ ನಿಂತರು. ತಡವಾಯಿತು ಓಡಿ ಎಂದು ಅವಸರಪಡಿಸಿದವರಲ್ಲಿ ನಿಂತದ್ದು ನೂರಕ್ಕೆ ಹತ್ತೇ. ಆ 40 ಜನರಲ್ಲಿ ಅರ್ಧದಷ್ಟು ಮಂದಿಯ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಒಳ್ಳೆಯ ಸಮಾರ್ಯದವನ ಕಥೆ! ಅದರಿಂದಲೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಫಲಿತಾಂಶ ಹೊರಬಂದದ್ದು 1973ರಲ್ಲಿ. ಹತ್ತು ಗಂಟೆಯೊಳಗೆ ಇನ್ನೂ ಎರಡು ಸಂಘ ಮುಗಿಸಬೇಕಾದ ಹುಡುಗನಿಗೆ ಅತ್ತ ಹೆಂಗಸಿನ ಮುಖ ಏಕೆ ಕಾಣಲಿಲ್ಲ ಎಂದು ಕೇಳುವವರು ಇದನ್ನು ಓದಬೇಕು.

ಇದು ಚಾಪೆಯ ಮೇಲೆ ಕೂತವರಿಗಷ್ಟೇ ಅನ್ವಯಿಸುವ ಮಾತಲ್ಲ. ಅದೇ ಹೈದರಾಬಾದಿನಲ್ಲಿ 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆಯ ಪತ್ರ ಬರೆದರು. ಲೆಕ್ಕಪತ್ರದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂಬುದು ಅದರ ತಿರುಳು. ಮೊದಲು ತೀರಾ ಚಿಕ್ಕದಾಗಿದ್ದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತೆಂದು ಅವರು ಬರೆದಿದ್ದರು. 7,561 ಸುಳ್ಳು ಬಿಲ್ಲುಗಳನ್ನು ತಯಾರಿಸಿ ಕಂಪ್ಯೂಟರಿನಲ್ಲಿ ಬಚ್ಚಿಟ್ಟಿದ್ದರೆಂದು ಸಿಬಿಐ ಹೇಳಿತು. ಇದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. 2015ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದ ಹತ್ತು ಮಂದಿಯಲ್ಲಿ ಲೆಕ್ಕ ವಿಭಾಗದ ನೌಕರರೂ ಇದ್ದರು, ಆಡಿಟರುಗಳೂ ಇದ್ದರು. ಮೂರು ತಿಂಗಳಿಗೊಮ್ಮೆ ಪೇಟೆಗೆ ಒಳ್ಳೆಯ ಅಂಕಿ ತೋರಿಸಲೇಬೇಕಾದ ಕಡೆ, ಪಕ್ಕದ ಮೇಜಿನವನು ಸುಮ್ಮನಿದ್ದರೆ ನಾವೂ ಸುಮ್ಮನಿರುತ್ತೇವೆ. ಇದಕ್ಕೆ ಎದುರಾದ ಬಲವೂ ಉಂಟು. ಕರೆಂಟಿನ ಶಾಕ್ ಕೊಡಿಸುವ ನೆಪದಲ್ಲಿ ಮನಶ್ಶಾಸ್ತ್ರಜ್ಞ ಮಿಲ್‌ಗ್ರಾಂ ನಡೆಸಿದ ಪ್ರಯೋಗದ ಮೂಲರೂಪದಲ್ಲಿ 40ರಲ್ಲಿ 26 ಜನ ಕೊನೆಯ ಗುಂಡಿಯವರೆಗೂ ಒತ್ತಿದ್ದರು. ಜೊತೆಗೆ ಕೂತ ಇಬ್ಬರು ನಡುವೆಯೇ 'ನನ್ನಿಂದಾಗದು' ಎಂದು ಎದ್ದ ಇನ್ನೊಂದು ರೂಪದಲ್ಲಿ ಕೊನೆ ಮುಟ್ಟಿದವರು ನಾಲ್ಕೇ ಜನ.

ಇನ್ನು ಚಾಪೆಯ ಆ ಕಡೆ ಕೂತವಳ ಮನಸ್ಸು. ಸಂಶೋಧಕರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಗೆ ಬಂದ ಮೇಲೆ ಒಮ್ಮೆ ಬುದ್ಧಿ ಪರೀಕ್ಷೆ ಕೊಟ್ಟರು. ಅದೇ ರೈತರು, ಆದರೆ ಕೈ ಖಾಲಿ ಇದ್ದಾಗ ಹೆಚ್ಚು ತಪ್ಪು ಮಾಡಿದರು. 2013ರ ಈ ಅಧ್ಯಯನದ ಲೆಕ್ಕಗಳ ಬಗ್ಗೆ ಆಮೇಲೆ ತಕರಾರುಗಳು ಬಂದಿವೆ. ಆದರೂ ಸಾಲದ ಚಿಂತೆ ಹೊತ್ತ ತಲೆ ಬೇರೆ ವಿಚಾರಕ್ಕೆ ಎಡೆ ಕೊಡುವುದಿಲ್ಲ ಎಂಬುದು ಸಾಲ ಮಾಡಿದ ಯಾರಿಗೂ ಹೊಸ ಸುದ್ದಿಯಲ್ಲ.

ಮೊದಲೇ ಮಾನಸಿಕ ಕಾಯಿಲೆಯಿದ್ದವರ ಪಾಡು ಇದಕ್ಕಿಂತ ಕಷ್ಟ. ಜುಬಿನ್ ಮತ್ತು ಸ್ಪ್ರಿಂಗ್ 1977ರಲ್ಲಿ ಮುಂದಿಟ್ಟ ವಿವರಣೆಯನ್ನು ಮನೋವೈದ್ಯರು ಇಂದಿಗೂ ಬಳಸುತ್ತಾರೆ: ಪ್ರತಿಯೊಬ್ಬರಿಗೂ ಒಂದು ತಾಳಿಕೆಯ ಮಿತಿ ಇರುತ್ತದೆ, ಹುಟ್ಟಿನಿಂದಲೋ ಬಾಳಿನ ಪೆಟ್ಟುಗಳಿಂದಲೋ ಕೆಲವರಲ್ಲಿ ಅದು ಕೆಳಗಿರುತ್ತದೆ, ಒತ್ತಡ ಆ ಮಿತಿ ದಾಟಿದಾಗ ಕಾಯಿಲೆ ಕಾಣಿಸಿಕೊಳ್ಳುತ್ತದೆ ಅಥವಾ ಮರುಕಳಿಸುತ್ತದೆ. ಒಂದೇ ಮಳೆಗೆ ಗಟ್ಟಿ ಗೋಡೆ ನಿಂತು, ನೆನೆದ ಮಣ್ಣಿನ ಗೋಡೆ ಕುಸಿಯುವುದಿಲ್ಲವೇ, ಹಾಗೆ. ಆ ಒತ್ತಡದ ಒಂದು ಮುಖ್ಯ ಮೂಲ ಸುತ್ತಲಿನವರ ಮಾತು. ಚಂಡೀಗಢದಲ್ಲಿ ಎನ್.ಎನ್. ವಿಗ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯ ರೋಗಿಗಳ ಮನೆಗಳನ್ನು ಗಮನಿಸಿ 1987ರಲ್ಲಿ ವರದಿ ಮಾಡಿದ್ದರು. ಲಂಡನ್ನಿನವರಿಗೆ ಹೋಲಿಸಿದರೆ ಇಲ್ಲಿನ ಮನೆಯವರು ಮೂದಲಿಸುವುದು ಕಡಿಮೆ, ಕಾಯಿಲೆ ಮರುಕಳಿಸಿದ್ದೂ ಕಡಿಮೆ. ಮನೆಮಂದಿಯ ಕಟುಮಾತಿಗೇ ಅಷ್ಟು ಶಕ್ತಿಯಿದ್ದರೆ, ಓಣಿಯ ಎದುರು ವಾರವಾರ ನಡೆಯುವ ಮರ್ಯಾದೆಯ ಹರಾಜಿಗೆ ಎಷ್ಟಿರಬೇಡ!

ಹೈದರಾಬಾದಿನವರಿಗೆ ಎರ್ರಗಡ್ಡ ಎಂದರೆ ಮಾನಸಿಕ ಆಸ್ಪತ್ರೆ. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ಹೇಳಿ ತಮಾಷೆ ಮಾಡುವ ಹಾಗೆ ಅಲ್ಲಿ ಎರ್ರಗಡ್ಡದ ಹೆಸರು ಹೇಳುತ್ತಾರೆ. ಆ ತಮಾಷೆಗೆ ಹೆದರಿಯೇ ಎಷ್ಟೋ ಜನ ಅತ್ತ ಹೋಗುವುದಿಲ್ಲ. ಆತ್ಮಹತ್ಯೆಗೆ ಒಂದೇ ಕಾರಣ ಎಂದಿರುವುದಿಲ್ಲ; ಖಿನ್ನತೆ, ಕುಡಿತ, ಮನೆಯ ಜಗಳ, ಸಾಲ ಎಲ್ಲ ಹೆಣೆದುಕೊಂಡಿರುತ್ತವೆ. ಈ ವಿಷಯದಲ್ಲಿ ಕಾನೂನು ನಮಗಿಂತ ಒಂದು ಹೆಜ್ಜೆ ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ಸನ್ನಿವೇಶವನ್ನೇ ಬದಲಿಸಿದರೆ? ಕೋಲ್ಕತದ ಕಿರುಸಾಲಗಾರರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಚೀಟಿ ಎತ್ತಿದಂತೆ ಕೆಲವು ಗುಂಪುಗಳಿಗೆ ವಾರದ ಕಂತು, ಕೆಲವಕ್ಕೆ ತಿಂಗಳ ಕಂತು. ಸಾಲದ ಮಿಕ್ಕ ಷರತ್ತುಗಳೆಲ್ಲ ಒಂದೇ. ತಿಂಗಳ ಕಂತಿನವರಲ್ಲಿ ಸಾಲದ ಬಗ್ಗೆ ಚಿಂತೆ, ಆತಂಕ ಇದೆ ಎಂದು ಹೇಳಿಕೊಳ್ಳುವ ಸಂಭವ ನೂರಕ್ಕೆ 51ರಷ್ಟು ಇಳಿದಿತ್ತು. ಸಾಲ ಮುಳುಗಿದ್ದು ಹೆಚ್ಚೇನಿಲ್ಲ. ಔಷಧಿ ಇಲ್ಲ, ಆಪ್ತಸಲಹೆ ಇಲ್ಲ, ಕ್ಯಾಲೆಂಡರ್ ಬದಲಾಯಿತು, ಅಷ್ಟೇ. 2012ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಸಿಕ್ಕ ಪ್ರಚಾರ ಸಾಲದು ಎಂಬುದು ನನ್ನ ಅಭಿಪ್ರಾಯ.

ಆಂಧ್ರದ ಕಾನೂನು ಕೂಡ ಮುಟ್ಟಿದ್ದು ಸನ್ನಿವೇಶವನ್ನೇ. ವಸೂಲಿ ಪಂಚಾಯಿತಿ ಕಚೇರಿಯಲ್ಲಿ ಅಥವಾ ಗೊತ್ತುಪಡಿಸಿದ ಸಾರ್ವಜನಿಕ ಜಾಗದಲ್ಲಿ ಆಗಬೇಕು, ಕಂತು ತಿಂಗಳಿಗೊಮ್ಮೆ, ಸಾಲದ ಮೇಲೆ ಸಾಲಕ್ಕೆ ಅನುಮತಿ ಬೇಕು. ಆದರೆ ಮದ್ದು ಒಮ್ಮೆಲೇ ಬಿತ್ತು. ನೂರಕ್ಕೆ ನೂರರ ಹತ್ತಿರವಿದ್ದ ವಸೂಲಿ ನೆಲಕಚ್ಚಿತು, ಬ್ಯಾಂಕುಗಳು ಈ ಕಂಪನಿಗಳಿಗೆ ಹಣ ಕೊಡುವುದನ್ನು ನಿಲ್ಲಿಸಿದವು. ಆ ಕಂಪನಿಗಳನ್ನು ನಂಬಿದ್ದ ಬೇರೆ ರಾಜ್ಯಗಳ ಜಿಲ್ಲೆಗಳಲ್ಲೂ ಸಾಲ ಬತ್ತಿ, ಕೂಲಿ ದರವೇ ಇಳಿಯಿತೆಂದು ಬ್ರೇಜಾ ಮತ್ತು ಕಿನ್ನನ್ ಎಂಬ ಅರ್ಥಶಾಸ್ತ್ರಜ್ಞೆಯರು ತೋರಿಸಿದ್ದಾರೆ. ಕಿರುಸಾಲ ಬರೀ ಕೇಡು ಎನ್ನುವವರಿಗೂ ಇದು ನುಂಗಲಾರದ ತುತ್ತು.

ಇದೇ ಕಥೆ 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಿಂದ ಕೇಳಿಬಂತು. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಚಿತ್ರಗಳನ್ನು ಟೀವಿಯಲ್ಲಿ ನೋಡಿದೆವು. ಫೆಬ್ರವರಿ 12ರಂದು ಕರ್ನಾಟಕ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬೇಕಾದದ್ದೇ. ಆದರೆ ಜೈಲಿಗೆ ಹೋಗುವವನು ಬೈಕಿನ ಹುಡುಗನಾದರೆ, ಅವನ ಟಾರ್ಗೆಟ್ಟು ಮಾರನೆಯ ದಿನ ಇನ್ನೊಬ್ಬನ ಹೆಗಲೇರುತ್ತದೆ. ನನಗೆ ಇದಕ್ಕಿಂತ ಕೆಲಸಕ್ಕೆ ಬರುವಂತೆ ಕಾಣುವುದು ರಿಸರ್ವ್ ಬ್ಯಾಂಕಿನ 2022ರ ನಿಯಮಗಳು. ಎಲ್ಲ ಸಾಲದ ಕಂತು ಕೂಡಿಸಿದರೂ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ವಸೂಲಿಗೆ ಕರೆ ಮಾಡಬಾರದು. ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕಂತು ಎಷ್ಟು ದಿನಕ್ಕೊಮ್ಮೆ ಎಂಬುದರಲ್ಲಿ ಸಾಲಗಾರರ ಅಗತ್ಯಕ್ಕೆ ತಕ್ಕ ಸಡಿಲಿಕೆ ಇರಬೇಕು. ಸಂಘಕ್ಕೆ ಸಹಿ ಹಾಕುವ ಮುಂಚೆ, ತಿಂಗಳ ಕಂತು ಕೊಡಿ ಎಂದು ಕೇಳುವುದಕ್ಕೆ ಇಷ್ಟು ಆಧಾರ ಸಾಕು.